ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್ ಹಳೇ ಸ್ಮಶಾನ: ಅರ್ಧ ದಿನದಲ್ಲಿ ಏನೇನು ನೋಡಬಹುದು? ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಹೊಸಪೇಟೆ_ಹುಡುಗಿ
ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗನ ಮದುವೆಗೆ ಕೋಲ್ಕತ್ತಾಗೆ ಹೋಗುತ್ತಿದ್ದೇವೆ. ಹುಡುಗಿ ಕಡೆಯವರು ಅಲ್ಲಿಯವರು. ಮದುವೆಯ ಮಾರನೇ ದಿನ ಬೆಳಗ್ಗೆ ನಮಗೆ ಬಿಡುವಿದೆ. ವಿಕ್ಟೋರಿಯಾ ಮೆಮೋರಿಯಲ್, ಕಾಳಿಘಾಟ್, ಬೇಲೂರು ಮಠ ಹಿಂದೆಯೇ ನೋಡಿಯಾಗಿದೆ. ಈ ಸಲ ಬ್ರಿಟಿಷರ ಕಾಲದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ನೋಡಲೇಬೇಕು ಅಂತ ಆಸೆ. ಪಿರಮಿಡ್, ಗುಮ್ಮಟ, ಕಂಬದ ಮಂಟಪ ಎಲ್ಲ ಒತ್ತೊತ್ತಾಗಿ ನಿಂತು, ಮೇಲೆ ಮರಗಳು ಮುಚ್ಚಿಕೊಂಡಿರುವ ಫೋಟೋ ನೋಡಿದಾಗಿನಿಂದ ಇದು ತಲೆಯಲ್ಲಿದೆ. ಹಳೇ ಕಟ್ಟಡ ಅಂದರೆ ನನಗೆ ಪ್ರಾಣ.

ತೊಂದರೆ ಏನೆಂದರೆ ಅಮ್ಮ. "ಮದುವೆ ಮನೆಯಿಂದ ಎದ್ದು ನೇರ ಸ್ಮಶಾನಕ್ಕಾ? ಜನ ಏನಂತಾರೆ?" ಅಂತ ಬೇಜಾರು ಮಾಡಿಕೊಂಡಿದ್ದಾರೆ. ಅವರನ್ನು ಹೋಟೆಲಿನಲ್ಲಿ ಒಬ್ಬರನ್ನೇ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಹೋಗಿ ಬಂದವರು ಹೇಳಿ: ಯಾವ ಸಮಾಧಿ ತಪ್ಪಿಸಿಕೊಳ್ಳಬಾರದು, ಎಷ್ಟು ಹೊತ್ತು ಬೇಕು, ಮಂಡಿನೋವು ಇರುವವರು ಓಡಾಡಬಹುದಾ?

ಹೌರಾ_ಕನ್ನಡಿಗ
ಖಂಡಿತ ಹೋಗಿ. ಪಾರ್ಕ್ ಸ್ಟ್ರೀಟ್ ಮೆಟ್ರೋದಲ್ಲಿ ಇಳಿದರೆ ಹತ್ತಿರ ಅಂದುಕೊಳ್ಳಬೇಡಿ. ಮೆಟ್ರೋ ಇರುವುದು ರಸ್ತೆಯ ಚೌರಂಗಿ ತುದಿಯಲ್ಲಿ. ಸ್ಮಶಾನ ಇರುವುದು ಇನ್ನೊಂದು ತುದಿಯಲ್ಲಿ, ಮಲ್ಲಿಕ್ ಬಜಾರ್ ಕೂಡುರಸ್ತೆಯ ಹತ್ತಿರ. ಅಮ್ಮ ಜೊತೆಗಿದ್ದರೆ ಟ್ಯಾಕ್ಸಿ ಮಾಡಿ. ರಸ್ತೆಗೆ ಈಗ ಮದರ್ ತೆರೇಸಾ ಸರಣಿ ಅಂತ ಹೆಸರಿದೆ, ಆದರೆ ಟ್ಯಾಕ್ಸಿಯವರಿಗೆ ಪಾರ್ಕ್ ಸ್ಟ್ರೀಟ್ ಅಂದರೇ ಸಾಕು.

ಗೇಟಿನಲ್ಲಿ ಸಣ್ಣ ಮೊತ್ತದ ಟಿಕೆಟ್ ಇದೆ. ಸಂಜೆ ಬೇಗ ಮುಚ್ಚುತ್ತಾರೆ, ಬೆಳಗ್ಗೆಯೇ ಹೋಗುವುದು ಒಳ್ಳೆಯದು. ನಡುವಿನ ದೊಡ್ಡ ದಾರಿ ಸಮತಟ್ಟಾಗಿದೆ, ಮಂಡಿನೋವಿನವರಿಗೂ ಆಗುತ್ತದೆ. ಪಕ್ಕದ ಸಂದಿಗಳಲ್ಲಿ ಬೇರು, ಇಟ್ಟಿಗೆ ಚೂರು, ಪಾಚಿ. ಮಳೆಗಾಲವಾಗಿದ್ದರೆ ಬೇಡ ಅನ್ನುತ್ತಿದ್ದೆ. ಸೊಳ್ಳೆ ಮಾತ್ರ ವರ್ಷಪೂರ್ತಿ ಇರುತ್ತವೆ, ಕೈಕಾಲಿಗೆ ಏನಾದರೂ ಹಚ್ಚಿಕೊಂಡು ಹೋಗಿ.

ಕಡ್ಲೆಕಾಯಿ_ಪರಿಷೆ
ಅಮ್ಮ ಗೋಳಗುಮ್ಮಟ ನೋಡಿಲ್ವಾ? ಅದೂ ಸಮಾಧಿನೇ. ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಏಳು ಸಲ ಪ್ರತಿಧ್ವನಿ ಕೇಳಿಸಿಕೊಂಡು ಬರುತ್ತೇವೆ. ಯಾರೂ ಮೈಲಿಗೆ ಅನ್ನುವುದಿಲ್ಲ.

ಸುಬ್ಬಕ್ಕ_ಧಾರವಾಡ
ಹಂಗಲ್ಲಪ್ಪಾ. ಗೋಳಗುಮ್ಮಟ ಒಬ್ಬ ಬಾದಶಹನ ಗುಮ್ಮಟ, ಊರಿಗೆ ಊರೇ ಅದರ ಸುತ್ತ ಬೆಳೆದಿದೆ. ಸಾಲುಸಾಲು ಗೋರಿಗಳ ನಡುವೆ ಓಡಾಡುವುದು ಬೇರೆ. ಆ ತಾಯಿ ಮದುವೆ ಮನೆಯ ಹಿರಿಯರು. ಹೊಸ ಸೊಸೆ ಮನೆ ತುಂಬಿದ ಮಾರನೇ ದಿನ ಅವರಿಗೆ ಮನಸ್ಸಿಗೆ ಕಸಿವಿಸಿ ಆಗುವುದು ಸಹಜ. ಮಗಳೇ, ಒತ್ತಾಯ ಮಾಡಬೇಡ. ಅವರಿಗೆ ಇಷ್ಟ ಇದ್ದರೆ ಬರಲಿ, ಬಂದ ಮೇಲೆ ತಲೆಗೆ ಸ್ನಾನ ಮಾಡಿದರಾಯಿತು. ಇಲ್ಲದಿದ್ದರೆ ನೀನು ಒಬ್ಬಳೇ ಹೋಗಿ ಬಾ. ಅವರು ಆ ಹೊತ್ತಿಗೆ ಬೀಗರ ಜೊತೆ ಕೂತಿರಲಿ.

ಶಾಸನಪ್ರಿಯ
ಮೊದಲು ಜಾಗದ ಹಿನ್ನೆಲೆ ಹೇಳುತ್ತೇನೆ, ಆಗ ಏನು ನೋಡಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಈ ಸ್ಮಶಾನ ಶುರುವಾದದ್ದು 1767ರ ಆಗಸ್ಟಿನಲ್ಲಿ. ಊರೊಳಗಿನ ಹಳೇ ಜಾಗ, ಅಂದರೆ ಈಗಿನ ಸೇಂಟ್ ಜಾನ್ ಚರ್ಚಿನ ಆವರಣ, ತುಂಬಿಹೋಗಿತ್ತು. ಹಾಗಾಗಿ ಊರಾಚೆ ಹೊಸ ಜಾಗ ಮಾಡಿದರು. ಈ ರಸ್ತೆಗೆ ಆಗ ಬರಿಯಲ್ ಗ್ರೌಂಡ್ ರೋಡ್ ಅಂತಲೇ ಹೆಸರಿತ್ತು. 1830ರ ಆಸುಪಾಸಿಗೆ ಇಲ್ಲಿ ಹೂಳುವುದು ನಿಂತೇಹೋಯಿತು. ಸುಮಾರು 1,600 ಸಮಾಧಿಗಳಿವೆ. ಅರವತ್ತು ಚಿಲ್ಲರೆ ವರ್ಷಗಳ ಕೆಲಸ ಇದು, ಆಮೇಲೆ ಹೊಸದು ಸೇರಲಿಲ್ಲ. ಅದಕ್ಕೇ ಒಂದು ಕಾಲದ ಅಭಿರುಚಿ ಕಲಬೆರಕೆ ಆಗದೆ ಉಳಿದಿದೆ.

ತಪ್ಪಿಸಿಕೊಳ್ಳಬಾರದವು ಇವು. ಸರ್ ವಿಲಿಯಂ ಜೋನ್ಸ್ ಸಮಾಧಿ ಎಲ್ಲಕ್ಕಿಂತ ಎತ್ತರ, ಮೊನಚು ಕಂಬದ ಹಾಗೆ ಮೇಲೇರಿದೆ. 1784ರಲ್ಲಿ ಏಷ್ಯಾದ ಭಾಷೆ, ಇತಿಹಾಸಗಳ ಅಧ್ಯಯನಕ್ಕೆ ಏಷ್ಯಾಟಿಕ್ ಸೊಸೈಟಿ ಕಟ್ಟಿದವರು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನವು ಅಂತ 1786ರಲ್ಲಿ ಸಾರಿದವರು. ತೀರಿಕೊಂಡದ್ದು 1794ರಲ್ಲಿ, 47ನೇ ವಯಸ್ಸಿಗೆ. ಆಮೇಲೆ ರೋಸ್ ಐಲ್ಮರ್ ಅನ್ನುವ ಹುಡುಗಿಯದು, 1800ರಲ್ಲಿ 20 ವರ್ಷಕ್ಕೇ ಹೋದಳು. ಹಗ್ಗ ಹೊಸೆದಂತೆ ತಿರುಚಿದ ಕಂಬ ನೋಡಿದರೆ ಗುರುತು ಸಿಗುತ್ತದೆ. ಇನ್ನು ಡಿರೋಜಿಯೋ: ಹಿಂದೂ ಕಾಲೇಜಿನ ಮೇಷ್ಟ್ರು, ಕವಿ, ಬಂಗಾಳದ ಒಂದಿಡೀ ತಲೆಮಾರಿಗೆ ಪ್ರಶ್ನೆ ಕೇಳಲು ಕಲಿಸಿದವನು. 1831ರಲ್ಲಿ ಕಾಲರಾದಿಂದ ಸತ್ತಾಗ ಅವನಿಗೆ 22 ವರ್ಷ.

ಬೆಳಕು_ನೆರಳು
ವಯಸ್ಸುಗಳನ್ನು ಓದುತ್ತಾ ಹೋಗಿ. ನನಗೆ ಕಟ್ಟಡಗಳಿಗಿಂತ ಅದೇ ಜಾಸ್ತಿ ತಟ್ಟಿತು. 19, 23, 26, ಆಮೇಲೆ ತಿಂಗಳುಗಳ ಲೆಕ್ಕದ ಮಕ್ಕಳು. ಒಂದು ಕಲ್ಲಿನಲ್ಲಿ ತಾಯಿಯ ಹೆಸರು, ಅದರ ಕೆಳಗೇ ಕೂಸಿನದು. ಜ್ವರ, ಕಾಲರಾ, ಹೆರಿಗೆ. ಮಳೆಗಾಲ ಕಳೆದು ಯಾರ್ಯಾರು ಉಳಿದರು ಅಂತ ಎಣಿಸುತ್ತಿದ್ದ ಕಾಲ ಅದು.

ಪೇಟೆಬೀದಿ
ಎಲ್ಲ ಸರಿ. ಆದರೆ ಒಂದು ಪ್ರಶ್ನೆ. ಲೂಟಿ ಹೊಡೆಯಲು ಬಂದವರ ಗೋರಿಗಳನ್ನು ನೋಡಿ ಇಷ್ಟು ಕರಗಬೇಕಾ? ಸ್ಮಶಾನ 1767ರಲ್ಲಿ ಶುರುವಾಯಿತು ಅಂದಿರಿ. 1770ರಲ್ಲಿ ಅದೇ ಬಂಗಾಳದಲ್ಲಿ ಭೀಕರ ಬರಗಾಲ ಬಂತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಈಸ್ಟ್ ಇಂಡಿಯಾ ಕಂಪನಿ ಆಗಲೂ ಕಂದಾಯ ವಸೂಲಿ ನಿಲ್ಲಿಸಲಿಲ್ಲ. ಆ ಜನಕ್ಕೆ ಒಂದು ಕಲ್ಲೂ ಇಲ್ಲ, ಒಂದು ಹೆಸರೂ ಇಲ್ಲ. ಅದೇ ಹಣದಲ್ಲಿ ಎದ್ದ ಪಿರಮಿಡ್ಡುಗಳು ಇವು. ನೋಡಬೇಡಿ ಅನ್ನುತ್ತಿಲ್ಲ. ಇದನ್ನು ಮರೆತು ನೋಡಬೇಡಿ ಅಂತಷ್ಟೇ ಹೇಳುತ್ತಿದ್ದೇನೆ.

ಕಡ್ಲೆಕಾಯಿ_ಪರಿಷೆ
ಹತ್ತೊಂಬತ್ತು ವರ್ಷದ ಬಾಣಂತಿ ಯಾವ ಲೂಟಿ ಹೊಡೆದಳು ಗುರುವೇ?

ಪೇಟೆಬೀದಿ
ಅವಳು ಹೊಡೆಯಲಿಲ್ಲ. ಅವಳ ಗೋರಿಗೆ ದುಡ್ಡು ಎಲ್ಲಿಂದ ಬಂತು ಅನ್ನುವುದು ನನ್ನ ಪ್ರಶ್ನೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು ಅಲ್ವಾ?

ಗಾರೆಕೆಲಸ
ಪೇಟೆಬೀದಿ ಅವರ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಾನು ಕಟ್ಟಡದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು.

ದೂರದಿಂದ ಅವು ಕಲ್ಲಿನ ಸಮಾಧಿಗಳ ಹಾಗೆ ಕಾಣುತ್ತವೆ. ಹತ್ತಿರ ಹೋಗಿ ಗಾರೆ ಎದ್ದುಹೋದ ಕಡೆ ನೋಡಿ. ಒಳಗೆ ಪೂರಾ ಇಟ್ಟಿಗೆ, ತೆಳ್ಳಗಿನ ಹಳೇ ಕಾಲದ ಇಟ್ಟಿಗೆ. ಕೋಲ್ಕತ್ತಾ ಇರುವುದು ಗಂಗೆಯ ಮೆಕ್ಕಲು ಮಣ್ಣಿನ ಮೇಲೆ, ಅಲ್ಲಿ ಕಲ್ಲು ಸಿಗುವುದಿಲ್ಲ. ಕಲ್ಲು ಬೇಕೆಂದರೆ ದೂರದಿಂದ ದೋಣಿಯಲ್ಲಿ ತರಬೇಕು. ಹಾಗಾಗಿ ಇಟ್ಟಿಗೆ ಕಟ್ಟಿ, ಮೇಲೆ ಸುಣ್ಣದ ಗಾರೆ ಬಳಿದು, ಕಲ್ಲಿನಂತೆ ಕಾಣುವ ಹಾಗೆ ತಿದ್ದಿದ್ದಾರೆ. ಕಂಬದ ಉಬ್ಬುತಗ್ಗು, ತಲೆಯ ಮೇಲಿನ ಎಲೆಬಳ್ಳಿ, ಅಂಚಿನ ಹಲ್ಲುಸಾಲು ಎಲ್ಲ ಕರಣೆಯಲ್ಲಿ ಎಳೆದದ್ದು. ಹೆಸರು ಕೆತ್ತಿದ ಫಲಕ ಮಾತ್ರ ಕಲ್ಲು.

ಈ ಕೆಲಸ ಮಾಡಿದವರು ಯಾರು? ಬಂಗಾಳದ ಗಾರೆಯವರು. ಅವರ ಮುಂದೆ ಗ್ರೀಸ್ ರೋಮ್‌ನ ನಕ್ಷೆ ಇಟ್ಟರು, ಅವರು ತಮ್ಮ ಕೈಗೆ ಬಂದ ಹಾಗೆ ಮಾಡಿದರು. ಎಷ್ಟೋ ಮಂಟಪಗಳ ಗುಮ್ಮಟ ನೋಡಿ, ರೋಮ್‌ಗಿಂತ ಬಂಗಾಳದ ನವಾಬರ ಮುರ್ಷಿದಾಬಾದ್ ಶೈಲಿಗೇ ಹತ್ತಿರ ಅನ್ನಿಸುತ್ತದೆ. ಬ್ರಿಟಿಷರ ಸ್ವಂತ ದೇಶದಲ್ಲಿ ಸಾಮಾನ್ಯ ಕಂಪನಿ ನೌಕರನಿಗೆ ಇಂಥ ಗೋರಿ ಕನಸಿನ ಮಾತು. ಇಲ್ಲಿ ದುಡ್ಡಿತ್ತು, ಕೂಲಿ ಅಗ್ಗ, ಕೈಕೆಲಸ ಬಲ್ಲವರಿದ್ದರು. ಫಲಕದ ಮೇಲೆ ಸತ್ತವರ ಹೆಸರಿದೆ, ಫಲಕ ಬಿಟ್ಟು ಉಳಿದದ್ದೆಲ್ಲ ಹೆಸರಿಲ್ಲದವರ ಕೆಲಸ. ನಾನು ಹೋದಾಗ ನೋಡುವುದು ಅದನ್ನು.

ಹೊಸಪೇಟೆ_ಹುಡುಗಿ
ಗಾರೆಕೆಲಸ ಸರ್, ಇದು ಗೊತ್ತೇ ಇರಲಿಲ್ಲ. ಫೋಟೋದಲ್ಲಿ ಕಲ್ಲೇ ಅಂದುಕೊಂಡಿದ್ದೆ. ಹಂಪಿಯ ಗೋಪುರಗಳಲ್ಲೂ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆ ಅಲ್ವಾ? ದುರಸ್ತಿ ಸರಿಯಾಗಿ ಆಗುತ್ತಿದೆಯಾ ಅಲ್ಲಿ?

ಗಾರೆಕೆಲಸ
ಹೌದಮ್ಮಾ, ಅದೇ ಕಸುಬು. ದುರಸ್ತಿಯ ಕಷ್ಟ ಎಲ್ಲ ಕಡೆ ಒಂದೇ. ಅರಳಿ ಗಿಡ. ಹಕ್ಕಿ ತಂದು ಹಾಕಿದ ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತದೆ. ಮೇಲಿಂದ ಕಿತ್ತರೆ ಬೇರು ಒಳಗೇ ಉಳಿಯುತ್ತದೆ, ಮುಂದಿನ ಮಳೆಗೆ ಇನ್ನೂ ದಪ್ಪಗಾಗಿ ಬರುತ್ತದೆ. ಇಟ್ಟಿಗೆ ಬಿಚ್ಚಿ ಬೇರು ಪೂರ್ತಿ ತೆಗೆದು ಮತ್ತೆ ಕಟ್ಟಬೇಕು. ಅದಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು.

ಇನ್ನೊಂದು ಸಿಮೆಂಟ್. ಸುಣ್ಣದ ಗಾರೆ ತೇವ ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು ಒಳಗೆ ಸಿಕ್ಕಿಕೊಂಡು ಇಟ್ಟಿಗೆ ಪುಡಿಪುಡಿ ಆಗುತ್ತದೆ, ಕೊನೆಗೆ ಸಿಮೆಂಟ್ ಹಪ್ಪಳೆ ಹಪ್ಪಳೆಯಾಗಿ ಕಳಚುತ್ತದೆ. ಹಳೇ ಕಟ್ಟಡದ ಮೇಲೆ ಬೂದು ಬಣ್ಣದ ನುಣುಪಾದ ತೇಪೆ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಊರಿನಲ್ಲಿ ಇನ್ನೂರು ವರ್ಷದ ಮಂಟಪಕ್ಕೆ ಗುತ್ತಿಗೆದಾರ ಸಿಮೆಂಟ್ ಮೆತ್ತುವುದನ್ನು ತಡೆಯಲು ಹೋಗಿ ಬೈಸಿಕೊಂಡು ಬಂದಿದ್ದೇನೆ.

ಶಾಸನಪ್ರಿಯ
ಕನ್ನಡದವರು ಇಲ್ಲಿ ನೆನೆಯಲೇಬೇಕಾದ ಒಬ್ಬರಿದ್ದಾರೆ. ಕರ್ನಲ್ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಇವರ ಪಾಲಿಗೆ ಬಂತು. ಬರೀ ಗಡಿ ಅಳೆದು ಸುಮ್ಮನಾಗಲಿಲ್ಲ. ಊರೂರಿನ ಶಾನುಭೋಗರ ಬಳಿಯಿದ್ದ ಕಡತ, ಗುಡಿಯ ಕಥೆ, ಪಾಳೆಗಾರರ ವಂಶಾವಳಿ ಎಲ್ಲ ಬರೆಸಿಕೊಂಡರು. ಇವತ್ತು ನಾವು ಕೈಫಿಯತ್ತುಗಳು ಅನ್ನುವುದು ಇವನ್ನೇ. 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ, 6,000ಕ್ಕೂ ಹೆಚ್ಚು ನಾಣ್ಯ ಸೇರಿಸಿದ್ದರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. 1821ರ ಮೇ ತಿಂಗಳಲ್ಲಿ ಕೋಲ್ಕತ್ತಾ ಬಳಿ ತೀರಿಕೊಂಡರು, ಈ ಪಾರ್ಕ್ ಸ್ಟ್ರೀಟ್‌ನಲ್ಲೇ ಮಣ್ಣಾದರು.

ಎಷ್ಟೋ ಹಳ್ಳಿಗಳ ಬಗ್ಗೆ ಹದಿನೆಂಟನೇ ಶತಮಾನದ ಮಾತು ಇವತ್ತು ನಮಗೆ ಸಿಗುವುದು ಆ ಕಡತಗಳಲ್ಲಿ ಮಾತ್ರ.

ಪೇಟೆಬೀದಿ
ಶಾಸನಪ್ರಿಯ ಸರ್, ನೀವೇ ಇಲ್ಲಿ ಅರ್ಧ ಹೆಸರು ಬಿಟ್ಟಿರಿ. ಮೆಕೆಂಜಿಗೆ ಕನ್ನಡವಾಗಲಿ ತೆಲುಗಾಗಲಿ ಓದಲು ಬರುತ್ತಿರಲಿಲ್ಲ. ಕೆಲಸ ನಡೆಸಿದವರು ಕಾವಲಿ ವೆಂಕಟ ಬೊರಯ್ಯ. ಅವರು 1803ರಲ್ಲಿ ಚಿಕ್ಕ ವಯಸ್ಸಿಗೇ ಹೋದ ಮೇಲೆ ತಮ್ಮ ಲಕ್ಷ್ಮಯ್ಯ. ಹಳಗನ್ನಡ ಶಾಸನ ಓದಿಕೊಟ್ಟವರು ನಮ್ಮ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇವರಿಗೆ ಪಾರ್ಕ್ ಸ್ಟ್ರೀಟ್‌ನಲ್ಲಿ ಗೋರಿ ಇಲ್ಲ.

ಶಾಸನಪ್ರಿಯ
ನಿಜ, ಆದರೆ ಮೆಕೆಂಜಿ ಅವರನ್ನು ಮುಚ್ಚಿಡಲಿಲ್ಲ ಅನ್ನುವುದನ್ನೂ ಹೇಳಿ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರ ಇದೆ. ಕೆಂಪು ಕೋಟಿನ ಮೆಕೆಂಜಿ ಒಬ್ಬರೇ ಇಲ್ಲ, ಜೊತೆಗೆ ಮೂವರು ಭಾರತೀಯರು ನಿಂತಿದ್ದಾರೆ. ಕೈಯಲ್ಲಿ ತಾಳೆಗರಿ ಹಿಡಿದ ಪಂಡಿತರು ಧರ್ಮಯ್ಯ ಅನ್ನುತ್ತಾರೆ. ಹಿಂದೆ ಗುಡ್ಡದ ಮೇಲೆ ಶ್ರವಣಬೆಳಗೊಳದ ಗೊಮ್ಮಟ ಕಾಣುತ್ತಾನೆ. ಆ ಕಾಲದ ಎಷ್ಟು ಸಾಹೇಬರು ತಮ್ಮ ಚಿತ್ರದಲ್ಲಿ ಪಂಡಿತರಿಗೆ ಜಾಗ ಕೊಟ್ಟರು?

ಪೇಟೆಬೀದಿ
ಅದನ್ನು ಒಪ್ಪುತ್ತೇನೆ. ಆದರೂ ಸಮಾಧಿಯ ಮುಂದೆ ನಿಂತಾಗ ಬೊರಯ್ಯ, ಲಕ್ಷ್ಮಯ್ಯ, ಧರ್ಮಯ್ಯ ಮೂರು ಹೆಸರೂ ಬಾಯಲ್ಲಿ ಬರಲಿ. ನನ್ನ ಹಟ ಇಷ್ಟೇ.

ಮಲೆನಾಡ_ಮಳೆ
ದೇವಸ್ಥಾನದ ಆಕಾರದ ಗೋರಿ ಒಂದಿದೆ ಅಂತ ಕೇಳಿದ್ದೆ. ನಿಜವಾ?

ಹೌರಾ_ಕನ್ನಡಿಗ
ನಿಜ. ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟ್ ಅವರದು. ಐರ್ಲೆಂಡಿನವರು. ದಿನಾ ಗಂಗೆಯಲ್ಲಿ ಸ್ನಾನ ಮಾಡುತ್ತಿದ್ದರು, ಮನೆಯಲ್ಲಿ ವಿಗ್ರಹ ಇಟ್ಟು ಪೂಜೆ ಮಾಡುತ್ತಿದ್ದರು. ಹಾಗಾಗಿ ಜನ ಹಿಂದೂ ಸ್ಟುವರ್ಟ್ ಅಂತಲೇ ಕರೆದರು. 1828ರಲ್ಲಿ ತೀರಿಕೊಂಡಾಗ ವಿಗ್ರಹಗಳ ಜೊತೆಗೇ ಹೂಳಿದರು ಅನ್ನುತ್ತಾರೆ. ಗೋರಿ ಪುಟ್ಟ ಗುಡಿಯ ಹಾಗಿದೆ, ಕೆತ್ತಿದ ಬಾಗಿಲುವಾಡ ಕೂಡ ಇದೆ. ಸುತ್ತ ಗ್ರೀಕ್ ಕಂಬಗಳು, ನಡುವೆ ಇದೊಂದು. ಅಮ್ಮನವರಿಗೆ ಇದನ್ನು ತೋರಿಸಿ, ಮನಸ್ಸು ಹಗುರ ಆಗಬಹುದು.

ಪೇಟೆಬೀದಿ
ಭುವನೇಶ್ವರದ ಗುಡಿಗಳಿಂದ ಶಾಸನದ ಕಲ್ಲು ಕಿತ್ತು ತಂದವರೂ ಇದೇ ಸ್ಟುವರ್ಟ್. ಅವರು ಕೂಡಿಹಾಕಿದ ಶಿಲ್ಪಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಭಕ್ತಿ ಇತ್ತು, ಒಪ್ಪೋಣ. ಗುಡಿಯ ಕಲ್ಲು ಕಿತ್ತದ್ದನ್ನೂ ಹೇಳೋಣ.

ರಾತ್ರಿ_ರೈಲು
ಅಲ್ಲಿ ದೆವ್ವ ಇದೆಯಂತೆ, ಒಂದು ಗೋರಿಯಿಂದ ರಕ್ತ ಜಿನುಗುತ್ತದಂತೆ. ರೀಲ್ಸ್ ನೋಡಿದೆ. ನಿಜವಾಗಲೂ ಹೋಗಬಹುದಾ?

ಗಾರೆಕೆಲಸ
ತಮ್ಮಾ, ಮಳೆಗಾಲದಲ್ಲಿ ತೇವ ಕುಡಿದ ಇಟ್ಟಿಗೆ ಗೋಡೆಯಿಂದ ಕೆಂಪು ನೀರು ಇಳಿಯುವುದು ದೊಡ್ಡ ವಿಷಯವೇ ಅಲ್ಲ. ಇಟ್ಟಿಗೆಯಲ್ಲಿರುವುದು ಕಬ್ಬಿಣದ ಅಂಶದ ಕೆಮ್ಮಣ್ಣು. ನಮ್ಮ ಹಳೇ ಶಾಲೆ ಗೋಡೆಗಳಲ್ಲೂ ಇಳಿಯುತ್ತದೆ.

ಬೆಳಕು_ನೆರಳು
ದಯವಿಟ್ಟು ಆ ರೀಲ್ಸ್ ನಂಬಿ ಹೋಗಬೇಡಿ. ಕಾಲೇಜು ಹುಡುಗರು ಸಮಾಧಿಯ ಮೇಲೆ ಹತ್ತಿ ನಿಂತು ವಿಡಿಯೋ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಕಾಲಿನ ಒಂದು ಒತ್ತಿಗೆ ಅಂಚಿನ ಗಾರೆ ಕಳಚಿ ಬಿತ್ತು. ಇನ್ನೂರು ವರ್ಷ ಮಳೆಗೆ ತಡೆದದ್ದು. ಜೋರಾಗಿ ಬೈದೆ. ಅವರು ನಕ್ಕು ಮುಂದೆ ಹೋದರು. ನನಗೆ ಅವತ್ತು ಊಟ ಸೇರಲಿಲ್ಲ.

ಕಾವೇರಿ_ದಡ
ಅಷ್ಟು ದೂರ ಹೋಗಲು ಆಗದವರು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ ನೋಡಿ. ಕಾವೇರಿ ದಡದಲ್ಲೇ ಇದೆ. 1799ರ ಯುದ್ಧದಲ್ಲಿ ಸತ್ತವರು, ಆಮೇಲೆ ಅಲ್ಲಿದ್ದ ಸೈನಿಕರು, ಅವರ ಹೆಂಡತಿ ಮಕ್ಕಳು, ಒಟ್ಟು 300ರಷ್ಟು ಸಮಾಧಿ. ಸ್ವಿಟ್ಜರ್ಲೆಂಡಿನ ಡಿ ಮೆರಾನ್ ಪಡೆಯವರೂ ಇದ್ದಾರೆ. ಪೊದೆ ಬೆಳೆದು ಹಾಳಾಗಿತ್ತು, ಡಿ ಮೆರಾನ್ ಮನೆತನದವರೇ ಮುಂದೆ ಬಂದು ದುರಸ್ತಿ ಮಾಡಿಸಿದರು. ಮೊನಚು ಕಂಬ, ಪಿರಮಿಡ್ ಆಕಾರ ಎಲ್ಲ ಇಲ್ಲೂ ಇವೆ, ಅಳತೆ ಚಿಕ್ಕದು. ಗುಂಬಜ್ ನೋಡಿ ಬರುವವರು ಹತ್ತಕ್ಕೆ ಒಬ್ಬರೂ ಇತ್ತ ತಲೆ ಹಾಕುವುದಿಲ್ಲ.

ಕಡ್ಲೆಕಾಯಿ_ಪರಿಷೆ
ಟಿಪ್ಪು ಮಾತು ಬಂತು ಅಂದಮೇಲೆ, ಕೋಲ್ಕತ್ತಾದ ಧರ್ಮತಲಾದಲ್ಲಿ ಟಿಪ್ಪು ಸುಲ್ತಾನ್ ಮಸೀದಿ ಇದೆ. 1842ರಲ್ಲಿ ಅವನ ಮಗ ಗುಲಾಮ್ ಮೊಹಮ್ಮದ್ ಕಟ್ಟಿಸಿದ್ದು. 1806ರ ವೆಲ್ಲೂರು ದಂಗೆ ಆದಮೇಲೆ ಟಿಪ್ಪುವಿನ ಮಕ್ಕಳನ್ನು ಕೋಲ್ಕತ್ತಾಗೆ ಸಾಗಿಸಿದರಲ್ಲ. ಶ್ರೀರಂಗಪಟ್ಟಣ ಗೆದ್ದವರೂ ಸೋತವರ ಮಕ್ಕಳೂ ಒಂದೇ ಊರಿನ ಮಣ್ಣು ಸೇರಿದರು.

ಸುಬ್ಬಕ್ಕ_ಧಾರವಾಡ
ನಮ್ಮ ಮೈಸೂರು ಮಹಾರಾಜರು ಚಾಮರಾಜೇಂದ್ರ ಒಡೆಯರು ಕೂಡ ಕೋಲ್ಕತ್ತಾದಲ್ಲೇ ಹೋದರು. 1894ರ ಡಿಸೆಂಬರ್, ಗಂಟಲುಮಾರಿ. ಇನ್ನೂ 31 ವರ್ಷ. ಕಾಳಿಘಾಟ್ ಕಡೆ ಕೆಯೋರಾತಲಾ ಸ್ಮಶಾನದ ಪಕ್ಕ ಅವರ ನೆನಪಿನ ಜಾಗ ಇದೆ, ನಮ್ಮ ಕಡೆಯ ಗೋಪುರದ ಹಾಗೆ ಕಟ್ಟಿದ್ದಾರೆ. ಮಗಳೇ, ಅಮ್ಮನಿಗೆ ಇದನ್ನು ಹೇಳು. ಒಡೆಯರ ಜಾಗಕ್ಕೆ ಕೈ ಮುಗಿದು ಬರುವುದಕ್ಕೆ ಯಾರೂ ಬೇಡ ಅನ್ನಲಾರರು.

ಕಲ್ಲುಬಂಡೆ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳುತ್ತೇನೆ. ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್ ಸಮಾಧಿ ಇದೆ, ಎಂಟು ಮೂಲೆಯ ಮಂಟಪ, 1690ರ ದಶಕದ್ದು. ಅವನ ಗೋರಿಕಲ್ಲು ಮದ್ರಾಸ್ ಕಡೆಯಿಂದ ಬಂದದ್ದು. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಜಾತಿಯ ಕಲ್ಲಿಗೆ ಚಾರ್ನೊಕೈಟ್ ಅಂತ ಅವನ ಹೆಸರನ್ನೇ ಇಟ್ಟರು. ಬಿಳಿಗಿರಿರಂಗನ ಬೆಟ್ಟದಲ್ಲಿ ನಾವು ಕಾಲಿಟ್ಟು ನಡೆಯುವುದು ಅದೇ ಜಾತಿಯ ಬಂಡೆಯ ಮೇಲೆ. ಕಂದುಹಸಿರು, ಎಣ್ಣೆ ಸವರಿದ ಹಾಗೆ ಹೊಳಪು. ಹೊತ್ತಿದ್ದರೆ ಅದನ್ನೂ ನೋಡಿ.

ಹೊಸಪೇಟೆ_ಹುಡುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಒಡೆಯರ ವಿಷಯ ಓದಿ ಹೇಳಿದೆ. ಅಲ್ಲಿಗೆ ಬರುತ್ತಾರಂತೆ. ಪಾರ್ಕ್ ಸ್ಟ್ರೀಟ್ ಬಗ್ಗೆ "ಗೇಟಿನ ತನಕ ಬರುತ್ತೇನೆ, ಆಮೇಲೆ ನೋಡೋಣ" ಅಂದರು. ನನಗೆ ಅಷ್ಟೇ ಸಾಕು. ಇನ್ನೆರಡು ಪ್ರಶ್ನೆ: ರಸ್ತೆಯ ಆಚೆ ಇನ್ನೊಂದು ಸ್ಮಶಾನ ಇತ್ತಂತೆ, ಅದು ಏನಾಯಿತು? ಮಾಸಿದ ಫಲಕ ಓದುವುದು ಹೇಗೆ?

ಶಾಸನಪ್ರಿಯ
ನಾರ್ತ್ ಪಾರ್ಕ್ ಸ್ಟ್ರೀಟ್ ಸ್ಮಶಾನ. 1953ರಲ್ಲಿ ನೆಲಸಮ ಮಾಡಿದರು. ಈಗ ಅಲ್ಲಿ ಆಸ್ಪತ್ರೆ, ಶಾಲೆ ಇವೆ. ದಕ್ಷಿಣದ್ದು ಉಳಿದಿದೆ, ಅದು ನಮ್ಮ ಪುಣ್ಯ. ಪುರುಸೊತ್ತಿದ್ದರೆ ಸರ್ಕ್ಯುಲರ್ ರೋಡಿನ ಸ್ಮಶಾನವೂ ಹತ್ತಿರವೇ. ಅಲ್ಲಿ ಬಂಗಾಳಿ ಕವಿ ಮೈಕೇಲ್ ಮಧುಸೂದನ ದತ್ತರ ಸಮಾಧಿ ಇದೆ.

ಹೌರಾ_ಕನ್ನಡಿಗ
ಅಮ್ಮ ಗೇಟಿನಲ್ಲೇ ನಿಂತರೆ ಬಿಸಿಲಿನಲ್ಲಿ ನಿಲ್ಲಿಸಬೇಡಿ. ಒಳಗೆ ಕಾಲಿಟ್ಟ ಕೂಡಲೇ ನೆರಳಿದೆ, ಹೊರಗಿನ ಹಾರ್ನ್ ಸದ್ದೂ ಕಡಿಮೆ. ಮುಗಿದ ಮೇಲೆ ಚೌರಂಗಿ ಕಡೆ ಬಂದರೆ ಫ್ಲೂರಿಸ್‌ನಲ್ಲಿ ಕೂತು ಟೀ ಕುಡಿಯಬಹುದು. ರಸ್ತೆಯ ಆ ತುದಿಯಲ್ಲಿ ಜೋನ್ಸ್ ಕಟ್ಟಿದ ಏಷ್ಯಾಟಿಕ್ ಸೊಸೈಟಿ, ಈ ತುದಿಯಲ್ಲಿ ಅವರ ಗೋರಿ. ಕೆಯೋರಾತಲಾಗೆ ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ.

ಗಾರೆಕೆಲಸ
ಫಲಕ ಓದಲು ಸೀಮೆಸುಣ್ಣ ಉಜ್ಜಬೇಡಿ, ಎಣ್ಣೆ ಬೇಡವೇ ಬೇಡ. ಕಲ್ಲಿನ ಮೇಲ್ಪದರ ಹೋಗುತ್ತದೆ. ಮೊಬೈಲ್ ಟಾರ್ಚನ್ನು ಫಲಕಕ್ಕೆ ಒತ್ತಿದಂತೆ ಪಕ್ಕದಿಂದ ಹಿಡಿಯಿರಿ. ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಒಬ್ಬರು ಟಾರ್ಚ್ ಹಿಡಿಯಬೇಕು, ಒಬ್ಬರು ಫೋಟೋ ತೆಗೆಯಬೇಕು. ಬೆಳಗ್ಗೆ ಬೇಗ ಹೋದರೆ ಓರೆ ಬಿಸಿಲೇ ಈ ಕೆಲಸ ಮಾಡಿಕೊಡುತ್ತದೆ. ಮೆಕೆಂಜಿ ಫಲಕ ಸಿಕ್ಕರೆ ಫೋಟೋ ಇಲ್ಲಿ ಹಾಕಿ, ಸುತ್ತಲಿನ ಗಾರೆಯ ಸ್ಥಿತಿಯೂ ಕಾಣುವ ಹಾಗೆ ತೆಗೆಯಿರಿ.